ಬ್ರೇಕ್ ಬೀಳುವಾಗ ಕಂಬ ಬಿಡಬ್ಯಾಡ

ನಮ್ಮ ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಟೀಚರ್ ತೀರಿಕೊಂಡ ಸುದ್ದಿ ಬಂದ ಮೇಲೆ ಕೈಮುಗಿದ ಚಿತ್ರಗಳು ಒಂದರ ಹಿಂದೆ ಒಂದು ಬಂದವು. ಅವುಗಳ ನಡುವೆ ಯಾರೋ ಬರೆದಿದ್ದರು: ‘ಬಹಳ ಶಾಂತ ಸ್ವಭಾವದವರು, ಯಾರ ಗೋಜಿಗೂ ಹೋದವರಲ್ಲ.’ ಯಾರ ವಿಷಯ ಮಾರಾಯ್ರೆ ಇದು ಎಂದು ನಾನು ಮೊಬೈಲನ್ನು ಸೋಫಾದ ಮೇಲೆ ಎಸೆದೆ. ಟೀಚರಿಗೂ ಶಾಂತಿಗೂ ಎಣ್ಣೆ ಸೀಗೇಕಾಯಿ. ಈ ಬಿಲ್ಡಿಂಗಿನಲ್ಲಿ ಅವರು ಗೋಜಿಗೆ ಹೋಗದೆ ಬಿಟ್ಟದ್ದು ನಾಲ್ಕನೇ ಮಾಳಿಗೆಯ ಬೀಗ ಹಾಕಿದ ಮನೆಯನ್ನು ಮಾತ್ರ. ಸತ್ತವರನ್ನು ಒಳ್ಳೆಯವರನ್ನಾಗಿ ಮಾಡುವ ಆತುರದಲ್ಲಿ ಜನ ಅವರನ್ನು ಬೇರೆ ಯಾರೋ ಮಾಡಿಬಿಡುತ್ತಾರೆ. ಟೀಚರ್ ಹೇಗಿದ್ದರೋ ಹಾಗೇ ಒಂದಿಷ್ಟು ಹೇಳದಿದ್ದರೆ ನನಗೆ ಇವತ್ತು ಊಟ ಸೇರುವುದಿಲ್ಲ.

ಡೊಂಬಿವಲಿಯ ಈ ಕಟ್ಟಡದಲ್ಲಿ ನಾವು ಮೂರನೇ ಮಾಳಿಗೆ, ಅವರು ಎರಡನೆಯದು. ನಾವು ಉಡುಪಿ ಕಡೆಯವರು, ಅವರು ಗದಗ ಕಡೆಯವರು. ಮದುವೆ ಮಾಡಿಕೊಂಡಿರಲಿಲ್ಲ. ಉಲ್ಹಾಸನಗರದ ಒಂದು ಶಾಲೆಯಲ್ಲಿ ವರ್ಷಾನುಗಟ್ಟಲೆ ಫಿಸಿಕ್ಸ್ ಕಲಿಸಿ ನಿವೃತ್ತರಾಗಿದ್ದರು. ಎತ್ತರದ ಹೆಂಗಸು, ಕಡ್ಡಿಯಂಥ ಮೈ, ಆ ಮೈಗೆ ಹೊಂದದಷ್ಟು ದೊಡ್ಡ ಗಂಟಲು. ಕಾಟನ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆಂದರೆ ಯಾರಿಗೋ ಪಾಠ ಕಾದಿದೆ ಎಂದೇ ಅರ್ಥ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಕನ್ನಡ ಕೇಳಿ ಅವರು ಬಾಯಿಬಿಟ್ಟು ನಕ್ಕರು, ಅವರ ಕನ್ನಡ ಕೇಳಿ ನಾನು ಒಳಗೊಳಗೇ ನಕ್ಕೆ.

“ನೀವು ಮಂಗಳೂರಿನವರು ಮಾತಾಡಿದ್ರ ಪುಸ್ತಕ ಓದಿದಂಗ ಇರ್ತದ ನೋಡವಾ” ಎಂದರು.

“ಮಂಗಳೂರಲ್ಲ ಟೀಚರ್, ಉಡುಪಿ.”

“ಎರಡೂ ಕಡೆ ಕೊಬ್ಬರಿ ಎಣ್ಣೀನೇ ಅಲ್ಲೇನು? ನಡೀತದ ಬಿಡು.”

ಅವರ ಶೇಂಗಾ ಚಟ್ನಿಪುಡಿ ನಮ್ಮ ಮನೆಗೆ ಬರುತ್ತಿತ್ತು, ನಮ್ಮ ನೀರುದೋಸೆ ಅವರ ಮನೆಗೆ ಹೋಗುತ್ತಿತ್ತು. ನೀರುದೋಸೆ ಕೊಟ್ಟಾಗಲೆಲ್ಲ “ಇದನ್ನ ತಿಂದ್ರ ತಿಂದಂಗ ಆಗೂದಿಲ್ಲ” ಎಂದು ಬೈದು, ತಟ್ಟೆ ಖಾಲಿ ಮಾಡಿ ತೊಳೆದು ಕಳಿಸುತ್ತಿದ್ದರು.

ಅವರ ಒಂದು ಚಟ ಇಡೀ ಸೊಸೈಟಿಗೆ ಗೊತ್ತಿತ್ತು. ಯಾರಾದರೂ ಜೋರು, ಫಾಸ್ಟ್ ಎಂದರೆ ಸಾಕು, “ಯಾವ ಕಡೆಗೆ?” ಎಂದು ಕೇಳಿಬಿಡುತ್ತಿದ್ದರು. ಒಮ್ಮೆ ವಾರ್ಷಿಕ ಸಭೆಯಲ್ಲಿ ನಮ್ಮ ಸೆಕ್ರೆಟರಿ ಎದ್ದು ನಿಂತು, ತಾರಸಿ ಸೋರುವುದನ್ನು ನಿಲ್ಲಿಸುವ ಕೆಲಸ “ಏಕ್‌ದಮ್ ಫಾಸ್ಟ್ ಚಲ್ ರಹಾ ಹೈ” ಎಂದು ಎದೆ ಉಬ್ಬಿಸಿ ಹೇಳಿದರು. ಹಿಂದಿನ ಸಾಲಿನಿಂದ ಟೀಚರ್, “ಕಿಸ್ ದಿಶಾ ಮೇ?” ಎಂದರು. ಆ ವರ್ಷ ತಾರಸಿ ಮೊದಲಿಗಿಂತ ಹೆಚ್ಚೇ ಸೋರಿತ್ತು. ಆಮೇಲೆ ಮೆಟ್ಟಿಲಿಳಿಯುವಾಗ ಟೀಚರ್ ನನಗೆ ವಿವರಿಸಿದರು: ಬರೇ ಎಷ್ಟು ಜೋರು ಎಂದರೆ ಅದು ವೇಗವಲ್ಲ, ಎತ್ತ ಕಡೆಗೆ ಎಂದೂ ಹೇಳಬೇಕು, ಗಾಣದ ಎತ್ತೂ ಜೋರಾಗಿಯೇ ನಡೆಯುತ್ತದೆ.

ಈ ಲೆಕ್ಕದಲ್ಲಿ ನಮ್ಮ ಯಜಮಾನರನ್ನೂ ಬಿಡಲಿಲ್ಲ. ಕಲ್ಯಾಣದಲ್ಲಿ ನಮ್ಮದೊಂದು ಸಣ್ಣ ಸಸ್ಯಾಹಾರಿ ಹೋಟೆಲು. ಇವರು ಬೆಳಗ್ಗೆ ಹೋಗಿ ಸಂಜೆ ಬರುವವರು. ಒಂದು ದಿನ ಗೇಟಿನ ಹತ್ತಿರ ಸಿಕ್ಕಿ, “ಎಂತದು ಟೀಚರ್, ಓಡಾಡಿ ಓಡಾಡಿ ಸಾಕಾಯ್ತು” ಎಂದು ಸುಮ್ಮನೆ ಅಂದರಂತೆ. “ಮನಿಂದ ಹೊಂಟು ಮನಿಗೇ ಬಂದ್ರೆಲ್ಲ, ನಿಮ್ಮ ಸರಾಸರಿ ವೇಗ ಸೊನ್ನೆ ಆತು” ಎಂದರಂತೆ ಟೀಚರ್. ಇವರು ಮನೆಗೆ ಬಂದು ಚಪ್ಪಲಿಯನ್ನು ಮೂಲೆಗೆ ಎಸೆದು, ಇಡೀ ದಿನ ನಿಂತು ದುಡಿದವನಿಗೆ ಸೊನ್ನೆ ಅನ್ನುತ್ತಾರಲ್ಲ ಈ ಹೆಂಗಸು, ಇವರ ತಲೆ ಸರಿ ಉಂಟಾ ಎಂದು ತುಳುವಿನಲ್ಲಿ ಹಾರಾಡಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದೆ.

ಸಂಜೆ ಅವರ ಮನೆಗೆ ಬಿಲ್ಡಿಂಗಿನ ಮಕ್ಕಳು ಪಾಠಕ್ಕೆ ಬರುತ್ತಿದ್ದರು. ಪುಸ್ತಕದಲ್ಲಿದ್ದದ್ದು ತಲೆಗೆ ಹತ್ತದಿದ್ದರೆ ಟೀಚರ್ ಲಿಫ್ಟ್ ಹತ್ತುತ್ತಿದ್ದರು. ನಮ್ಮದು ಹಳೆಯ ಲಿಫ್ಟು, ಹೊರಡುವಾಗ ನಿಲ್ಲುವಾಗ ಒಂದು ಎಳೆತ ಎಳೆದೇ ಎಳೆಯುತ್ತದೆ. ಅದರೊಳಗೆ ಅಡುಗೆಮನೆಯ ತೂಕದ ಯಂತ್ರ ಇಟ್ಟು, ಅದರ ಮೇಲೆ ತೆಂಗಿನಕಾಯಿ ಇಟ್ಟು, ಸುತ್ತ ಮಕ್ಕಳನ್ನು ಕುಕ್ಕರಗಾಲಲ್ಲಿ ಕೂರಿಸಿ ಬಟನ್ ಒತ್ತುವುದು. ಲಿಫ್ಟ್ ಮೇಲಕ್ಕೆ ಹೊರಟ ಕ್ಷಣ ಕಾಯಿಯ ತೂಕ ಏರುತ್ತಿತ್ತು, ನಡುವೆ ಮೊದಲಿನಷ್ಟೇ, ನಿಲ್ಲುವ ಹೊತ್ತಿಗೆ ಇಳಿಯುತ್ತಿತ್ತು. “ಆಂಟೀ, ನಾರಿಯಲ್ ಭಾರೀ ಹೋ ಗಯಾ!” ಎಂದು ಮಕ್ಕಳು ಕಿರುಚುತ್ತಿದ್ದವು. “ಕನ್ನಡದಾಗ ಹೇಳು” ಎಂದು ಟೀಚರ್ ನನ್ನ ಮಗಳ ತಲೆಗೆ ಮೊಟಕುತ್ತಿದ್ದರು. “ತೆಂಗಿನಕಾಯಿ... ಜಾದಾ... ಭಾರ ಆಯ್ತು” ಎಂದು ಅವಳು ತಡವರಿಸುತ್ತಿದ್ದಳು. “ಯಾವಾಗ ಭಾರ ಆತು? ಲಿಫ್ಟ್ ಓಡುವಾಗೇನು? ಅಲ್ಲ. ಅದರ ವೇಗ ಬದಲಾಗುವಾಗ. ತಲ್ಯಾಗ ಇಟ್ಗೋ.” ನೆಲಮಹಡಿಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ಲಿಫ್ಟಿಗೆ ಕಾದವರ ಶಾಪ ಅವರಿಗೆ ತಟ್ಟುತ್ತಲೇ ಇರಲಿಲ್ಲ. ಕಡೆಗೆ ಸೆಕ್ರೆಟರಿ, ಲಿಫ್ಟಿನೊಳಗೆ ತೂಕದ ಯಂತ್ರ, ತಕ್ಕಡಿ ತರಬಾರದು ಎಂದು ನೋಟಿಸ್ ಅಂಟಿಸಿದರು. ಅದರಿಂದ ತೊಂದರೆಯಾದದ್ದು ಹಳೇ ಪೇಪರಿನವನಿಗೆ. ಪಾಪ, ಅವನು ತನ್ನ ತಕ್ಕಡಿಯನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಬೇಕಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ.

ಇದೆಲ್ಲ ನಾನು ದೂರ ನಿಂತು ನೋಡಿ ನಗುತ್ತಿದ್ದ ಕಾಲ. ಅವರ ಪಾಠ ನನಗೇ ಬೇಕಾಗಿ ಬಂದದ್ದು ಆಮೇಲೆ.

ನನ್ನ ಕೆಲಸ ಠಾಣೆಯ ನೌಪಾಡಾದಲ್ಲಿ, ಒಬ್ಬ ಆರ್ಕಿಟೆಕ್ಟರ ಆಫೀಸಿನಲ್ಲಿ. ಕಂಪ್ಯೂಟರಿನಲ್ಲಿ ಮನೆಗಳ ನಕ್ಷೆ ಬಿಡಿಸುವುದು. ಮದುವೆಗೆ ಮೊದಲು ಮಾಡಿದ ಡಿಪ್ಲೊಮಾ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು; ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನಾನೇ ಹುಡುಕಿ ಹಿಡಿದ ಕೆಲಸ ಇದು. ದೊಡ್ಡ ಕೆಲಸವೇನಲ್ಲ. ಆದರೆ ನಾನು ಗೆರೆ ಎಳೆದ ಕಡೆ ಗೋಡೆ ಏಳುತ್ತದೆ, ನಾನು ಜಾಗ ಬಿಟ್ಟ ಕಡೆ ಯಾರದೋ ಮನೆಗೆ ಕಿಟಕಿ ಬರುತ್ತದೆ. ಘೋಡ್‌ಬಂದರ್ ರಸ್ತೆಯಲ್ಲಿ ಹೋಗುವಾಗ ಮಗಳಿಗೆ ಒಂದು ಕಟ್ಟಡ ತೋರಿಸಿ, ಅದರ ಮೆಟ್ಟಿಲು ಅಮ್ಮನದ್ದು ಎಂದಿದ್ದೇನೆ. ಆ ಖುಷಿಯನ್ನು ನಾನು ಬಿಟ್ಟುಕೊಡಲು ತಯಾರಿರಲಿಲ್ಲ.

ಒಂದು ಸಂಜೆ ಠಾಣೆಯಿಂದ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಬರುತ್ತಿದ್ದೆ. ಈ ಲೈನಿನಲ್ಲಿ ಓಡಾಡುವವರಿಗೆ ಗೊತ್ತು: ಡೊಂಬಿವಲಿಯಲ್ಲಿ ಇಳಿಯುವವರು ದಿವಾ ಸ್ಟೇಷನ್ ದಾಟುತ್ತಲೇ ಬಾಗಿಲ ಬಳಿ ಸಾಲು ನಿಲ್ಲಬೇಕು. ಇಲ್ಲವಾದರೆ ಹತ್ತುವವರ ನೂಕಿಗೆ ಸಿಕ್ಕಿ ಕಲ್ಯಾಣದ ತನಕ ಹೋಗಬೇಕಾದೀತು. ನಾನೂ ನಿಂತಿದ್ದೆ, ನಡುವಿನ ಕಂಬ ಹಿಡಿದು. ಸ್ಟೇಷನ್ನಿನ ದೀಪ ಕಂಡಿತು, ರೈಲು ನಿಧಾನವಾಯಿತು, ಇನ್ನೇನು ಬಂತಲ್ಲ ಎಂದು ಕಂಬ ಬಿಟ್ಟು, ಎದೆಗೆ ಹಾಕಿಕೊಂಡ ಬ್ಯಾಗನ್ನು ಸರಿಮಾಡಿಕೊಳ್ಳಲು ಹೋದೆ. ಜಗ್ಗನೆ ಬ್ರೇಕ್ ಬಿತ್ತು. ನಾನು ಮುಂದಿನವಳ ಮೇಲೆ ಮುಗ್ಗರಿಸಿದೆ, ಅವಳು ಸರಿದಳು, ನನ್ನ ಒಂದು ಕಾಲು ಬಾಗಿಲಿನಿಂದ ಹೊರಗೆ ಹೋಯಿತು. ಹಿಂದಿನಿಂದ ಯಾರೋ ಬ್ಯಾಗಿನ ಪಟ್ಟಿ ಹಿಡಿದು ಎಳೆದರು. “ಮರ್ನಾ ಹೈ ಕ್ಯಾ?” ಎಂದು ಬೈದು ಆ ಪುಣ್ಯಾತ್ಗಿತ್ತಿ ಇಳಿದು ಹೋದಳು. ಮುಖ ಕೂಡ ಸರಿಯಾಗಿ ನೋಡಲಿಲ್ಲ. ಅವಳ ಹೊಟ್ಟೆ ತಣ್ಣಗಿರಲಿ.

ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಮರುದಿನ ಪ್ಲಾಟ್‌ಫಾರ್ಮಿನಲ್ಲಿ ರೈಲು ಬಂದು ನಿಂತಾಗ ನನ್ನ ಕಾಲು ಏಳಲಿಲ್ಲ. ದಿನವೂ ಜೊತೆಗೆ ಹೋಗುವ ಹೆಂಗಸರು ಒಳಗಿನಿಂದ “ಆ ನಾ, ಆ ನಾ!” ಎಂದು ಕೈಬೀಸಿದರು. ಆ ರೈಲು ಹೋಯಿತು, ಮತ್ತೊಂದು ಹೋಯಿತು. ಅವತ್ತು ರಿಕ್ಷಾ ಹಿಡಿದು, ಬಸ್ಸು ಹಿಡಿದು, ಶೀಳ್ ರಸ್ತೆಯ ಟ್ರಾಫಿಕ್ಕಿನಲ್ಲಿ ಬೆಂದು ಆಫೀಸು ತಲುಪಿದಾಗ ಉಳಿದವರು ಮಧ್ಯಾಹ್ನದ ಡಬ್ಬ ತೆರೆಯುತ್ತಿದ್ದರು. ಮರುದಿನವೂ ಹಾಗೆಯೇ, ಅದರ ಮರುದಿನವೂ. ನಮ್ಮ ಸಾಹೇಬರು ಕೆಟ್ಟವರಲ್ಲ. ಸ್ವಲ್ಪ ದಿನ ಸುಮ್ಮನಿದ್ದರು. ಆಮೇಲೆ ಕರೆದು, ಈ ತಿಂಗಳು ಹೇಗೋ ನಡೆಸುತ್ತೇನೆ, ಮುಂದೆ ಹೊತ್ತಿಗೆ ಸರಿಯಾಗಿ ಬರುವವರನ್ನು ಇಟ್ಟುಕೊಳ್ಳಬೇಕಾಗುತ್ತದೆ ಎಂದು ತಲೆ ತಗ್ಗಿಸಿಕೊಂಡೇ ಹೇಳಿದರು.

“ನಿಂಗೆ ಎಂತಕ್ಕೆ ಈ ಕಷ್ಟ?” ಎಂದರು ಯಜಮಾನರು. “ನಮ್ದೇ ಹೋಟ್ಲುಂಟಲ್ಲ. ಗಲ್ಲೆಯಲ್ಲಿ ಕೂತ್ಕೊ, ಬಿಲ್ಲಿನ ದುಡ್ಡು ತಕ್ಕೊ. ಫ್ಯಾನ್ ಕೆಳಗೆ ಆರಾಮ.”

ಪ್ರೀತಿಯಿಂದಲೇ ಹೇಳಿದ್ದು. ಅದೇ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವರ ಗಲ್ಲೆಯ ಹಿಂದೆ ಫ್ಯಾನಿನ ಕೆಳಗೆ ಕೂತು, ಇನ್ನು ಮುಂದೆ ಒಂದು ಗೆರೆಯನ್ನೂ ಎಳೆಯದೆ ಉಳಿದ ಆಯುಷ್ಯ ಕಳೆಯುವುದು ನನಗೆ ಬೇಡವಾಗಿತ್ತು.

ಆ ದಿನ ಮನೆಯೊಳಗೆ ಅಳಲು ನಾಚಿಕೆಯಾಗಿ ಮೆಟ್ಟಿಲ ಮೇಲೆ ಕೂತಿದ್ದೆ. ಟೀಚರ್ ತರಕಾರಿ ಚೀಲ ಹಿಡಿದು ಹತ್ತಿ ಬಂದರು. “ಯಾಕ ಇಲ್ಲೆ ಕೂತಿ?” ಎಂದರು. ಎಲ್ಲ ಹೇಳಿದೆ. ಅಯ್ಯೋ ಪಾಪ ಎಂದು ಬೆನ್ನು ಸವರುತ್ತಾರೆಂದುಕೊಂಡಿದ್ದೆ. ಎಲ್ಲಿಯ ಮಾತು! ಚೀಲ ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಕೈ ಯಾವಾಗ ಬಿಟ್ಟಿ?”

“ಸ್ಟೇಷನ್ ಬಂತಲ್ಲ ಟೀಚರ್. ರೈಲು ಸ್ಲೋ ಆಗ್ತಾ ಇತ್ತು. ಇನ್ನೆಂತ ಹೆದರಿಕೆ ಅಂತ ಬಿಟ್ಟೆ.”

“ಹಾಂ! ಈ ಲೈನಿನ ಮಂದಿಗೆಲ್ಲ ಇದೊಂದು ರೋಗ. ಗಾಡಿ ಜೋರು ಓಡುವಾಗ ಕಂಬಕ್ಕ ಜೋತು ಬೀಳ್ತಾರ. ನಿಧಾನ ಆಗ್ಲಿಕ್ಕೆ ಹತ್ತಿತೋ ಇಲ್ಲೋ, ಕೈ ಬಿಟ್ಟು ಸೀರಿ ಸರಿ ಮಾಡ್ಕೋತಾರ, ಬ್ಯಾಗ್ ಸರಿ ಮಾಡ್ಕೋತಾರ.”

“ಜೋರು ಹೋಗುವಾಗಲೇ ಅಲ್ವಾ ಬೀಳುದು?”

“ಗಾಡಿ ಜೋರು ಹೊಂಟದ ಅಂದ್ರ ಒಳಗಿದ್ದ ನೀನೂ ಅಷ್ಟೇ ಜೋರು ಹೊಂಟಿ. ಇಬ್ಬರದೂ ಒಂದೇ ವೇಗ, ಜಗಳ ಎಲ್ಲಿಂದ ಬಂತು? ಗಾಡಿ ತನ್ನ ವೇಗ ಬದಲ್ ಮಾಡಿದಾಗ ನಿನ್ನ ಮೈ ಒಲ್ಲೆ ಅಂತದ. ಹೊಂಡುವಾಗ ಹಿಂದ ಉಳೀತೀನಿ ಅಂತದ, ನಿಲ್ಲುವಾಗ ಮುಂದ ಹೋಗ್ತೀನಿ ಅಂತದ. ಆವಾಗ ಕಂಬ ಬೇಕು. ಬಾಗಿಲದಾಗ ನಿಂದ್ರು ಅಂತ ನಾ ಹೇಳ್ಲಿಕ್ಕೆ ಹತ್ತಿಲ್ಲ ಮತ್ತ. ಬ್ರೇಕ್ ಬೀಳುವಾಗ ಕಂಬ ಬಿಡಬ್ಯಾಡ, ಅಷ್ಟ.”

“ವೇಗೋತ್ಕರ್ಷ ಎಲ್ಲ ನಾನೂ ಕಲ್ತದ್ದೇ ಟೀಚರ್” ಎಂದು ಸಿಟ್ಟಿನಿಂದಲೇ ಹೇಳಿದೆ. “ವಿ ಈಕ್ವಲ್ಸ್ ಯು ಪ್ಲಸ್ ಎ ಟಿ. ಪರೀಕ್ಷೆಯಲ್ಲಿ ಪೂರ್ತಿ ಮಾರ್ಕು ಬಂದಿತ್ತು.”

“ಬಾಯಿಪಾಠ ಆಗ್ಯದ, ಮೈಪಾಠ ಆಗಿಲ್ಲ. ಐತವಾರ ತಯಾರಾಗು.”

ಆ ಭಾನುವಾರ ಅವರು ನನ್ನನ್ನು ಡೊಂಬಿವಲಿ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ರೈಲು ಹತ್ತಿಸದೆ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರಿಸಿದರು. ಬರುವ ಹೋಗುವ ರೈಲುಗಳೊಳಗೆ ನಿಂತವರನ್ನು ನೋಡು ಎಂದರು. ನೋಡಿದೆ. ಹೊರಡುವಾಗ ಎಲ್ಲರೂ ಒಟ್ಟಿಗೆ ಹಿಂದಕ್ಕೆ ವಾಲುತ್ತಿದ್ದರು, ನಿಲ್ಲುವಾಗ ಒಟ್ಟಿಗೆ ಮುಂದಕ್ಕೆ. ಇಷ್ಟು ವರ್ಷ ಅದರೊಳಗೇ ನಿಂತು ಓಡಾಡಿದವಳು ನಾನು, ಒಮ್ಮೆಯೂ ನೋಡಿರಲಿಲ್ಲ. ನಿಲ್ಲದೆ ಹೋಗುವ ಗಾಡಿಯೊಂದು ಗಾಳಿ ಎಬ್ಬಿಸಿಕೊಂಡು ದಾಟಿತು. ಅದರೊಳಗಿನವರು ದೇವರ ಮುಂದೆ ನಿಂತವರಂತೆ ನೆಟ್ಟಗೆ ನಿಂತಿದ್ದರು.

ಮುಂದಿನ ಪಾಠ ರೈಲಿನೊಳಗೆ, ಮಧ್ಯಾಹ್ನದ ಖಾಲಿ ಸ್ಲೋ ಲೋಕಲಿನಲ್ಲಿ. ಸ್ಲೋ ಯಾಕೆಂದು ಕೇಳಿದೆ. ಫಾಸ್ಟ್ ಲೋಕಲಿಗೇ ವೇಗೋತ್ಕರ್ಷ ಜಾಸ್ತಿ ಎಂದು ಈ ಲೈನಿನ ಮಕ್ಕಳೆಲ್ಲ ಬರೆಯುತ್ತಾರಂತೆ. “ಫಾಸ್ಟ್ ಗಾಡಿ ಒಮ್ಮೆ ವೇಗ ಹಿಡೀತಂದ್ರ ಹಂಗೇ ಹೋಗ್ತದ. 
ಹೊಂಡೂದು ನಿಲ್ಲೂದು, ಹೊಂಡೂದು ನಿಲ್ಲೂದು ಮಾಡೋದು ಸ್ಲೋನೇ. ಅಂದ್ರ ವೇಗ ಬದಲಾಗೋದು ಯಾವುದರೊಳಗ ಹೆಚ್ಚು?” ಎಂದು ಕಣ್ಣು ಮಿಟುಕಿಸಿದರು. ಚೀಲದಿಂದ ನೀರಿನ ಬಾಟಲಿ ತೆಗೆದು, ಒಂದು ಗುಳ್ಳೆಯಷ್ಟು ಗಾಳಿ ಬಿಟ್ಟು ಮುಚ್ಚಿ, ರೈಲು ಹೋಗುವ ದಿಕ್ಕಿಗೆ ಉದ್ದಕ್ಕೆ ನನ್ನ ತೊಡೆಯ ಮೇಲೆ ಮಲಗಿಸಿದರು. ರೈಲು ಹೊರಟಾಗ ಗುಳ್ಳೆ ಮುಂದಕ್ಕೆ ಓಡಿತು. ಓಟ ಹದಕ್ಕೆ ಬಂದಾಗ ನಡುವೆ ನಿಂತಿತು. ಕೋಪರ್ ಸ್ಟೇಷನ್ ಬಂದು ಬ್ರೇಕ್ ಬಿದ್ದಾಗ ಹಿಂದಕ್ಕೆ ಓಡಿತು.

ಸ್ವಲ್ಪ ಹೊತ್ತಾದ ಮೇಲೆ ಬಾಟಲಿ ಕಸಿದುಕೊಂಡು, “ಈಗ ಕಣ್ಣು ಮುಚ್ಚು. ಮೈಗೆ ಏನು ತಿಳೀತದ ಬಾಯಿಬಿಟ್ಟು ಹೇಳು” ಎಂದರು. ನಾನು ಕಂಬ ಹಿಡಿದು ನಿಂತು, ಕಣ್ಣು ಮುಚ್ಚಿ, ಹೆಚ್ಚಾಯ್ತು, ಹೆಚ್ಚಾಯ್ತು, ಸಮ, ಸಮ, ಈಗ ಕಡಿಮೆ ಎಂದು ಹೇಳತೊಡಗಿದೆ. ಮುಂಬ್ರಾದ ತಿರುವಿನಲ್ಲಿ ಪಕ್ಕಕ್ಕೆ ಎಳೆದಂತಾಗಿ ಗಾಬರಿಯಾದಾಗ, “ಗಾಡಿ ದಿಕ್ಕು ಬದಲ್ ಮಾಡಿತು, ಅದೂ ವೇಗ ಬದಲಾದಂಗೇ, ಹಿಡಿ ಬಿಗಿ ಮಾಡು” ಎಂದು ಪಕ್ಕದಿಂದಲೇ ಗದರಿದರು. ಎದುರಿನ ಸೀಟಿನಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದ ಹೆಂಗಸು ಕೈ ನಿಲ್ಲಿಸಿ, “ಕಾಯ್ ಝಾಲಂ ಹಿಲಾ?” ಇವಳಿಗೇನಾಯಿತು ಎಂದು ಮೆಲ್ಲಗೆ ಕೇಳಿದಳು. ನನಗೆ ದೇವಿ ಬಂದಿದ್ದಾಳೆ ಎಂದೇ ಅವಳ ಲೆಕ್ಕ. “ಅಭ್ಯಾಸ್ ಚಾಲ್ಲಾಯ್” ಎಂದರು ಟೀಚರ್ ಗಂಭೀರವಾಗಿ, ಪಾಠ ನಡೆದಿದೆಯಂತೆ. ಅವಳು ಕೈಮುಗಿದು ಸೊಪ್ಪನ್ನು ಸ್ವಲ್ಪ ದೂರಕ್ಕೆ ಎಳೆದುಕೊಂಡಳು.

ನಗು ಬರುತ್ತದೆ ಈಗ. ಆದರೆ ಹೆದರಿಕೆ ಕಡಿಮೆಯಾದದ್ದು ಹೀಗೆಯೇ. ರೈಲು ಯಾವಾಗ ಏನು ಮಾಡುತ್ತದೋ ಎಂಬ ದಿಗಿಲು ಹೋಯಿತು. ಅದು ಮಾಡುವುದು ಇಷ್ಟೇ, ಹೀಗೆಯೇ ಮಾಡುತ್ತದೆ ಎಂದು ಕಾಲಿಗೆ ಗೊತ್ತಾಯಿತು.

ತಿಂಗಳ ಕೊನೆ ಬಂತು. ಸೋಮವಾರದ ಬೆಳಗಿನ ಗರ್ದಿಯಲ್ಲಿ ಒಬ್ಬಳೇ ಹೋಗಬೇಕು. ಟೀಚರ್, ನೀವೊಂದು ಬನ್ನಿ ಎಂದು ಬೇಡಿಕೊಂಡೆ.

“ಬರಂಗಿಲ್ಲ. ನಾ ಬಂದ್ರ ನೀ ನನ್ನ ಕೈ ಹಿಡೀತಿ. ಕಂಬ ಹಿಡಿ, ಹೋಗು.”

ಬಾಗಿಲು ಹಾಕಿಕೊಂಡರು. ಕಟುಕಿ ಎಂದು ಬೈದುಕೊಳ್ಳುತ್ತ ಹೋದೆ. ಹೋದೆ, ಹತ್ತಿದೆ, ಒಳಗೆ ನುಗ್ಗಿದೆ, ಕಂಬ ಹಿಡಿದೆ. ಠಾಣೆ ಬಂದಾಗ ಸುತ್ತಲಿನವರೆಲ್ಲ ಕೈಬಿಟ್ಟು ಬ್ಯಾಗು ಸರಿಮಾಡಿಕೊಳ್ಳುತ್ತಿದ್ದರು. ರೈಲು ಪೂರ್ತಿ ನಿಲ್ಲುವ ತನಕ ನಾನು ಬಿಡಲಿಲ್ಲ. ಹಿಂದಿನವಳು “ಚಲ್ ನಾ, ಸೋ ಗಯೀ ಕ್ಯಾ!” ಎಂದು ತಿವಿದಳು. ತಿವಿಯಲಿ ಬಿಡಿ. ಹೊತ್ತಿಗೆ ಮೊದಲೇ ಆಫೀಸಿನಲ್ಲಿದ್ದೆ. ಸಾಹೇಬರು ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಒಂದು ಹೊಸ ನಕ್ಷೆ ತಂದು ಮೇಜಿನ ಮೇಲಿಟ್ಟರು.

ಸಂಜೆ ನೇರ ಎರಡನೇ ಮಾಳಿಗೆಗೆ ಹೋಗಿ ಬೆಲ್ ಒತ್ತಿದೆ. ನನ್ನ ಮುಖದಲ್ಲೇ ಎಲ್ಲ ಬರೆದಿತ್ತು. ಆದರೂ ಅವರು ಕೇಳಿದ್ದು, “ಕೈ ಯಾವಾಗ ಬಿಟ್ಟಿ?”

“ನಿಂತ ಮೇಲೆ.”

“ಹೂಂ. ಚಹಾ ಕುಡೀತಿಯೇನು?”

ಭೇಷ್ ಎನ್ನುವುದು ಅವರ ನಾಲಿಗೆಗೆ ಗೊತ್ತೇ ಇರಲಿಲ್ಲ. ಒಮ್ಮೆ ಪರದೆ ಬಟ್ಟೆ ತರಲು ಅವರೊಂದಿಗೆ ಉಲ್ಹಾಸನಗರಕ್ಕೆ ಹೋಗಿದ್ದೆ. ದೊಡ್ಡ ಅಂಗಡಿ. ತಲೆ ನರೆತ ಮಾಲೀಕ ಇವರನ್ನು ನೋಡಿದ್ದೇ ಗದ್ದುಗೆಯಿಂದ ಎದ್ದು ಕೈಕಟ್ಟಿ ನಿಂತ. ಹಳೆಯ ಶಿಷ್ಯ. ಗಿರಾಕಿಗಳೆದುರೇ ಟೀಚರ್, ಬಟ್ಟೆಯ ಸುರುಳಿ ಉರುಳಿಸಿದರೆ ಅದಕ್ಕೆ ಯಾವಾಗ ವೇಗೋತ್ಕರ್ಷ ಎಂದು ಹಿಂದಿಯಲ್ಲಿ ಕೇಳಿದರು. ಆತ ಬೆವರೊರೆಸಿಕೊಂಡು ಸರಿಯಾಗಿಯೇ ಉತ್ತರ ಕೊಟ್ಟ. “ಆಗ ಬರ್ತಿರಲಿಲ್ಲ ಇವಗ” ಎಂದರು ನನ್ನ ಕಡೆ ತಿರುಗಿ. ಅಷ್ಟೇ ಮೆಚ್ಚುಗೆ. ಆದರೆ ವಾಪಸು ಬರುವಾಗ ದಾರಿಯುದ್ದಕ್ಕೂ ಸಣ್ಣಗೆ ಏನೋ ಗುನುಗುತ್ತಿದ್ದರು.

ಇಂಥವರಿಗೆ ತಲೆತಿರುಗು ಬಂತು. ಮೊದಮೊದಲು ಪಿತ್ತ ಎಂದು ಶುಂಠಿ ಕಷಾಯ ಕುಡಿದರು. ಆಮೇಲೆ ಡಾಕ್ಟರು ಕಿವಿಯೊಳಗಿನ ತೊಂದರೆ ಎಂದರು. ಟೀಚರ್ ಮನೆಗೆ ಬಂದು ಪೇಪರಿನ ಅಂಚಿನಲ್ಲಿ ಚಿತ್ರ ಬಿಡಿಸಿ ನನಗೆ ವಿವರಿಸಿದರು: ಒಳಕಿವಿಯಲ್ಲಿ ಬಳೆಯಂಥ ಸಣ್ಣ ನಾಳಗಳಿವೆ, ಒಳಗೆ ನೀರು. ತಲೆ ಅಲುಗಿದ್ದು, ತಿರುಗಿದ್ದು ಎಲ್ಲ ಅದರಿಂದಲೇ ಗೊತ್ತಾಗುವುದು. “ನಂದು ಕೆಟ್ಟದ ನೋಡು. ನಾ ಸುಮ್ನ ಕೂತಿದ್ರೂ ಮನಿ ಹೊಂಟದ ಅಂತ ಸುಳ್ಳು ಹೇಳ್ತದ” ಎಂದು ನಕ್ಕರು. ಆ ನಗು ಬಹಳ ದಿನ ಉಳಿಯಲಿಲ್ಲ. ಗೋಡೆ ಹಿಡಿದು ನಡೆಯುವಂತಾದರು. ಮಕ್ಕಳ ಪಾಠ ನಿಂತಿತು. ಮಲಗಿ ಕಣ್ಣು ಮುಚ್ಚಿದರೆ ಮಂಚ ತಿರುಗುತ್ತದೆ ಎಂದು ದಿಂಬು ಒರಗಿಸಿಕೊಂಡು ಕೂತೇ ಇರುತ್ತಿದ್ದರು. ಸರಿಯಾಗಿ ಒಂದು ನಿದ್ದೆ ಮಾಡದೆ ತಿಂಗಳುಗಳೇ ಆಗಿದ್ದವು. ಆ ದೊಡ್ಡ ಗಂಟಲು ಸಣ್ಣದಾಗಿತ್ತು.

ಸಾನಪಾಡಾದಲ್ಲಿ ಅವರ ಅಕ್ಕನ ಮಗ ಇದ್ದ. ಒಳ್ಳೆಯ ಹುಡುಗ. ಅವನೂ ಅವನ ಹೆಂಡತಿಯೂ ಬಂದು, ಚಿಕ್ಕಮ್ಮ ಇನ್ನು ನಮ್ಮಲ್ಲೇ ಇರಲಿ ಎಂದು ಹಠ ಹಿಡಿದರು. ಟೀಚರ್ ಒಪ್ಪಿದರು. ಕಾರು ತರುತ್ತೇನೆ ಎಂದ. ಆದರೆ ದವಾಖಾನೆಗೆ ಹೋಗಿ ಬರುವ ರಿಕ್ಷಾದಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದವರು. ಆ ರಸ್ತೆಯ ಹೊಂಡಗಳಲ್ಲಿ ಕಾರು ಬೇಡವೇ ಬೇಡ ಎಂದು ನಾನೇ ಹೇಳಿದೆ. ಸಾಮಾನು ನಿನ್ನ ಕಾರಿನಲ್ಲಿ ಹೋಗಲಿ, ಭಾನುವಾರ ಮಧ್ಯಾಹ್ನ ನಾನು ರೈಲಿನಲ್ಲಿ ಕರೆತರುತ್ತೇನೆ, ನೀನು ಸಾನಪಾಡಾ ಸ್ಟೇಷನ್ನಿನಲ್ಲಿರು ಎಂದೆ.

ಡೊಂಬಿವಲಿಯಲ್ಲಿ ಹತ್ತಿದಾಗ ಗಾಳಿ ಬರುವ ಕಿಟಕಿಯ ಸೀಟು ಸಿಕ್ಕಿತು, ರೈಲು ಹೋಗುವ ದಿಕ್ಕಿಗೆ ಮುಖ ಮಾಡಿ ಕೂರುವಂಥದ್ದು. ಅದಕ್ಕಾಗಿ ಇಲ್ಲಿ ಜಗಳಗಳೇ ಆಗುತ್ತವೆ. ಪುಣ್ಯ ಎಂದುಕೊಂಡು ಅವರನ್ನು ಅಲ್ಲಿ ಕೂರಿಸಿದೆ. ಕೋಪರಿನಲ್ಲಿ ಬ್ರೇಕ್ ಬಿದ್ದಾಗ ಅವರು ಮುಂದಕ್ಕೆ ವಾಲಿದರು, ಎರಡೂ ಕೈಯಿಂದ ಕಿಟಕಿಯ ಸರಳು ಹಿಡಿದುಕೊಂಡರು. ಮುಖ ಬಿಳಿಚಿತ್ತು.

“ನಂಗ ಅಂಜಿಕಿ ಬರ್ಲಿಕ್ಕೆ ಹತ್ಯದವಾ” ಎಂದರು. “ಇಳಿದುಬಿಡೋಣು.”

ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿರಲಿಲ್ಲ. ನನಗೆ ಅಳು ಒತ್ತಿ ಬಂತು. ಅಳುತ್ತ ಕೂತರೆ ಆದೀತಾ? ಎದುರು ಕೂತಿದ್ದ ಹುಡುಗಿಗೆ, ಜಾಗ ಬದಲಿಸಿಕೊಳ್ಳುತ್ತೀಯಾ ಎಂದು ಕೇಳಿದೆ. ಗಾಳಿ ಬರುವ ಕಿಟಕಿಯನ್ನು ಬಿಟ್ಟುಕೊಡುವವರೂ ಇದ್ದಾರಾ ಎಂದು ಅವಳು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿ, ಟಕ್ಕನೆ ಎದ್ದಳು. ಟೀಚರನ್ನು ಎದುರಿನ ಸೀಟಿನಲ್ಲಿ, ರೈಲು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಿಸಿದೆ. ಪಕ್ಕದಲ್ಲಿ ನಾನು ಕೂತೆ.

“ಈಗ ಹೊರಡ್ತದೆ ಟೀಚರ್. ಸ್ವಲ್ಪ ಮುಂದೆ ಎಳೀತದೆ, ನಾನು ಹಿಡ್ಕೊಂಡಿದ್ದೇನೆ... ಆಯ್ತು, ಇನ್ನು ಸಮ. ಏನೂ ಆಗುದಿಲ್ಲ... ದಿವಾ ಬಂತು. ಬ್ರೇಕ್ ಬೀಳ್ತದೆ.”

ಬ್ರೇಕ್ ಬಿತ್ತು. ಅವರ ಬೆನ್ನು ಮೆಲ್ಲಗೆ ಸೀಟಿಗೆ ಒತ್ತಿಕೊಂಡಿತು, ಅಷ್ಟೇ. ಸರಳು ಹಿಡಿದ ಕೈ ಸಡಿಲವಾಯಿತು. ಅವರು ನನ್ನ ಕಡೆ ತಿರುಗಿದರು.

“ಹಿಂಗ ಕೂಡ್ಸು ಅಂತ ನಿಂಗ ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ ಟೀಚರ್.”

ಠಾಣೆಯಲ್ಲಿ ಇಳಿದು, ಲಿಫ್ಟಿನಲ್ಲಿ ಸೇತುವೆ ಹತ್ತಿ, ಮೆಲ್ಲಗೆ ನಡೆದು ವಾಶಿಯ ಗಾಡಿ ಹಿಡಿದೆವು. ಅಲ್ಲಿಂದಲೇ ಹೊರಡುವ ಗಾಡಿ, ಡಬ್ಬಿ ಪೂರ್ತಿ ಖಾಲಿ. ನಾನು ಏನೂ ಹೇಳುವ ಮೊದಲೇ ಟೀಚರ್ ಕಂಬದಿಂದ ಕಂಬ ಹಿಡಿಯುತ್ತ ಹೋಗಿ, ಬೆನ್ನು ಮಾಡಿ ಕೂರುವ ಸೀಟಿನಲ್ಲಿ ಕೂತರು. ಐರೋಲಿ ಬರುವ ಹೊತ್ತಿಗೆ ಕಣ್ಣು ಮುಚ್ಚಿದರು. ತಲೆ ಮೆಲ್ಲಗೆ ನನ್ನ ಹೆಗಲಿಗೆ ಬಂತು. ಘನ್ಸೋಲಿಯಲ್ಲಿ ಸಣ್ಣಗೆ ಗೊರಕೆ ಕೇಳಿಸಿತು.

ತುರ್ಭೆ ದಾಟಿತು. ಸಾನಪಾಡಾ ಬರುವ ಮೊದಲು ಎಬ್ಬಿಸಬೇಕಿತ್ತು. ನನಗೆ ಮನಸ್ಸು ಬರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಅಕ್ಕನ ಮಗ ಕತ್ತು ಉದ್ದ ಮಾಡಿ ಡಬ್ಬಿಗಳನ್ನು ನೋಡುತ್ತಿದ್ದ. ಕಿಟಕಿಯಿಂದ ಬೆರಳನ್ನು ತುಟಿಗೆ ಒತ್ತಿ ಸನ್ನೆ ಮಾಡಿದೆ. ಅವನಿಗೆ ಏನು ಅರ್ಥವಾಯಿತೋ, ರೈಲು ಹೊರಟಿತು.

ವಾಶಿಯಲ್ಲಿ ಎಲ್ಲರೂ ಇಳಿದು ಡಬ್ಬಿ ನಿಶ್ಶಬ್ದವಾದ ಮೇಲೆ ಟೀಚರ್ ಕಣ್ಣು ಬಿಟ್ಟರು.

“ಸಾನಪಾಡಾ ಬಂತೇನು?”

“ದಾಟಿ ಹೋಯ್ತು. ಇದು ವಾಶಿ. ನೀವು ಮಲಗಿದ್ರಿ, ನಾನು ಎಬ್ಬಿಸ್ಲಿಲ್ಲ.”

ಬೈಗುಳಕ್ಕೆ ತಯಾರಾಗಿ ಕೂತೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಸುತ್ತ ನೋಡಿದರು.

“ನಾ ಮಲಗಿದ್ನೇನು? ಗಾಡಿ ಹೋಗುವಾಗ?”

“ಹೋಗುವಾಗ, ನಿಲ್ಲುವಾಗ, ಮತ್ತೆ ಹೊರಡುವಾಗ. ಒಮ್ಮೆಯೂ ಏಳ್ಲಿಲ್ಲ ಟೀಚರ್.”

ಅವರು ಅಂಗಡಿಯ ಮುಂದೆ ನಿಂತ ಮಗು ಕೇಳುವ ಹಾಗೆ ಮೆಲ್ಲಗೆ ಕೇಳಿದರು: “ಹಂಗಾರ ಇನ್ನೊಂದು ಸಲ ಠಾಣೆಗೆ ಹೋಗಿ ಬರೋಣೇನು?”

ಅದೇ ಗಾಡಿ ಠಾಣೆಗೆ ಹಿಂತಿರುಗುವುದಿತ್ತು. ಅಕ್ಕನ ಮಗನಿಗೆ ಫೋನು ಮಾಡಿ, ಇನ್ನೂ ಸ್ವಲ್ಪ ತಡವಾಗುತ್ತದೆ ಎಂದೆ. ಗಾಡಿಯ ದಿಕ್ಕು ತಿರುಗುವುದರಿಂದ ಟೀಚರನ್ನು ಎಬ್ಬಿಸಿ ಎದುರಿನ ಸೀಟಿಗೆ ಕೂರಿಸಿ, ನಾನೂ ಆ ಬದಿಗೆ ಹೋಗಿ ಹೆಗಲು ಕೊಟ್ಟೆ. ಕೋಪರ್‌ಖೈರಣೆ ಬರುವಷ್ಟರಲ್ಲಿ ಅವರು ಮತ್ತೆ ಮಲಗಿಬಿಟ್ಟಿದ್ದರು.